ಶಾಂತಾ ರಂಗಸ್ವಾಮಿಯವರ 750 ರನ್ನು ತಾಳೆಯಾದ ಬಗೆ

ಭಾರತ ಮಹಿಳಾ ಟೆಸ್ಟ್ ಕ್ರಿಕೆಟ್ ತಂಡದ ಮೊದಲ ನಾಯಕಿ ಶಾಂತಾ ರಂಗಸ್ವಾಮಿಯವರ ಆಟದ ಬದುಕನ್ನು ಲೆಡ್ಜರಿನಂತೆ ಬರೆದು ತಾಳೆ ನೋಡುತ್ತೇನೆ ಎಂದಾಗ, ಅಂಕಿಅಂಶದ ಹುಚ್ಚಿರುವ ಗೆಳೆಯರೇ ನಕ್ಕರು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಕೂಡಿಸಿದವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಶಾಂತಾ ಅವರೂ ಕೆನರಾ ಬ್ಯಾಂಕಿನಲ್ಲಿ ದುಡಿದವರೆಂಬುದು ನನಗೆ ಸಣ್ಣ ಸಮಾಧಾನ.

ಮೊದಲೆರಡು ಪ್ರಯತ್ನಗಳು ಮಣ್ಣುಪಾಲಾದವು. ಹಳೆಯ ಪತ್ರಿಕೆಗಳ ಜೆರಾಕ್ಸಿಗೆ, ಬಸ್ಸಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಸುರಿದ ಮೇಲೆ, ಪಂದ್ಯಗಳ ಪಟ್ಟಿಯನ್ನು ನಾನು 1975ರಿಂದಲೇ ಆರಂಭಿಸಿದ್ದೆನೆಂದು ತಿಳಿಯಿತು. ಆ ವರ್ಷ ಆಸ್ಟ್ರೇಲಿಯಾದ ಇಪ್ಪತ್ತೈದರೊಳಗಿನವರ ತಂಡ ಬಂದು ಆಡಿದ ಪಂದ್ಯಗಳಿಗೆ ಅಧಿಕೃತ ಟೆಸ್ಟ್ ಮಾನ್ಯತೆಯಿಲ್ಲ. ಖಾತೆ ತೆರೆಯಬೇಕಾದದ್ದು 1976ರಲ್ಲಿ, ವೆಸ್ಟ್ ಇಂಡೀಸ್ ಎದುರು, ಬೆಂಗಳೂರಿನ ಪಂದ್ಯದಿಂದ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದಕ್ಕಿತು.

ಎರಡನೆಯ ತಪ್ಪು ಹೆಚ್ಚು ನಾಚಿಕೆಯದು. 1977ರ ಜನವರಿಯಲ್ಲಿ ಡುನೆಡಿನ್‌ನಲ್ಲಿ ನ್ಯೂಜಿಲೆಂಡ್ ಎದುರು 108 ರನ್ ಹೊಡೆದು, ಟೆಸ್ಟ್ ಶತಕ ಗಳಿಸಿದ ಮೊದಲ ಭಾರತೀಯ ಮಹಿಳೆಯಾದವರ ಖಾತೆಯಲ್ಲಿ ಮುಂದೆ ಬರೀ ಖಾಲಿ ಸಾಲುಗಳನ್ನು ಕಂಡು, 'ಆಟ ಮಂಕಾಯಿತು' ಎಂದು ಬರೆದುಬಿಟ್ಟಿದ್ದೆ. ತಂಡದ ಖಾತೆಯನ್ನು ಪಕ್ಕದಲ್ಲಿಟ್ಟಾಗಲೇ ಕಣ್ಣು ತೆರೆಯಿತು: ಅದೇ ತಿಂಗಳ ಪರ್ತ್ ಪಂದ್ಯದ ನಂತರ, 1984ರವರೆಗೆ ಭಾರತದ ಮಹಿಳೆಯರು ಒಂದು ಟೆಸ್ಟನ್ನೂ ಆಡಿಲ್ಲ. ಶಾಂತಾ ಅವರಿಗೆ ಆಗ ಇಪ್ಪತ್ತಮೂರು ವರ್ಷ, ಮತ್ತೆ ಟೆಸ್ಟ್ ಅಂಗಳಕ್ಕಿಳಿದಾಗ ಮೂವತ್ತು. ನಡುವೆ 1982ರ ವಿಶ್ವಕಪ್‌ನಲ್ಲಿ ತಂಡವನ್ನು ಮುನ್ನಡೆಸಿದ್ದರೂ ಅವು ಒಂದು ದಿನದ ಪಂದ್ಯಗಳಾದ್ದರಿಂದ ಬೇರೆ ಖಾತೆಗೆ ಸೇರುತ್ತವೆ.

ಕುತೂಹಲಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ಭಾರತ ಆರಂಭದ ಎರಡು ತಿಂಗಳ ಚಿಲ್ಲರೆ ಅವಧಿಯಲ್ಲಿ ಎಂಟು ಟೆಸ್ಟ್ ಆಡಿತ್ತು. ವರ್ಷಕ್ಕೆ ಮೂರೇ ನಡೆದಿದ್ದರೂ ಆ ಏಳು ವರ್ಷಗಳಲ್ಲಿ ಇಪ್ಪತ್ತರಷ್ಟು ಹೆಚ್ಚು ಸಿಗುತ್ತಿದ್ದವು. ಅವರ ಇಡೀ ಬದುಕಿಗೆ ದಕ್ಕಿದ್ದು ಹದಿನಾರು.

ಕೊನೆಯ ತಾಳೆಗೆ ಅವರ ಸರಾಸರಿಯನ್ನೇ, ಅಂದರೆ ಒಟ್ಟು ಟೆಸ್ಟ್ ರನ್ನನ್ನು ಔಟಾದ ಸಲಗಳಿಂದ ಭಾಗಿಸಿದ ಅಂಕಿಯನ್ನೇ, ತಿರುಗಿಸಿ ಹಿಡಿದೆ: 750 ರನ್ನನ್ನು ಸರಾಸರಿ 32.60ರಿಂದ ಭಾಗಿಸಿದರೆ ಇಪ್ಪತ್ತಮೂರು ಬಾರಿ ಔಟ್ ಎಂದಾಯಿತು, ನನ್ನ ಸಾಲುಗಳಲ್ಲೂ ಅಷ್ಟೇ. ಗ್ರಂಥಾಲಯದ ಹಳೆಯ ಕ್ರೀಡಾಪುಟಗಳನ್ನು ಒಂದೇ ಮಧ್ಯಾಹ್ನದಲ್ಲಿ ಹುಡುಕುವ ಉಪಾಯವನ್ನು ಮಾತ್ರ ಸದ್ಯಕ್ಕೆ ಹೇಳಲಾರೆ, ಏಕೆಂದರೆ ಅವರ 21 ವಿಕೆಟ್‌ಗಳ ಖಾತೆ ಇನ್ನೂ ಬಾಕಿಯಿದೆ.