ಬೀದಿ ಸರಿ ಮಾಡಿಸಬೇಕಾ? ಮೊದಲು ಟೇಪು ತಗೊಳ್ಳಿ

ನಾನು ಮೈಸೂರಿನ ಚಾಮುಂಡಿಪುರಂನಲ್ಲಿ ಬ್ಲೌಸ್ ಹೊಲಿಯುವವಳು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ, ಎರಡು ಮಿಷನ್ನು, ಒಂದು ಕನ್ನಡಿ. ಗಿರಾಕಿಗಳೆಲ್ಲ ಹೆಚ್ಚುಕಮ್ಮಿ ನಡೆದು ಬರುವ ಹೆಂಗಸರು. ಅವರಿಗೆ ನಡೆಯಲು ಜಾಗ ಇಲ್ಲದಿದ್ದರೆ ನನಗೆ ವ್ಯಾಪಾರ ಇಲ್ಲ. ಹಾಗಾಗಿ ಫುಟ್‌ಪಾತಿನ ತಂಟೆಗೆ ಹೋದೆ.

ನಮ್ಮ ಬೀದಿಯಲ್ಲಿ ಐಡಿಯಾಗಳಿಗೇನೂ ಬರ ಇಲ್ಲ. ಸಂಜೆ ಜಗಲಿ ಮೇಲೆ ಕೂತರೆ ಇಡೀ ಮೈಸೂರನ್ನೇ ರಿಪೇರಿ ಮಾಡಿಬಿಡುತ್ತೇವೆ. ಆದರೆ "ಫುಟ್‌ಪಾತ್ ಸರಿಯಿಲ್ಲ ಸಾರ್" ಅಂತ ಹೇಳಿದರೆ ಎಂಜಿನಿಯರ್ ಏನು ಮಾಡಬೇಕು? ಎಷ್ಟು ಸರಿಯಿಲ್ಲ, ಎಲ್ಲಿಂದ ಎಲ್ಲಿಗೆ ಅಂತ ಹೇಳಬೇಕು.

ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ, ಫುಟ್‌ಪಾತಿನ ಮೇಲೆ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು. ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು. ನನ್ನ ಹೊಲಿಗೆ ಟೇಪಿನ ಉದ್ದವೇ 150 ಸೆಂಟಿಮೀಟರ್. ನಮ್ಮ ಬೀದಿಯಲ್ಲಿ ಅದನ್ನು ಪೂರ್ತಿ ಬಿಡಿಸಲು ಒಂದು ಕಡೆಯೂ ಜಾಗ ಸಿಗಲಿಲ್ಲ! ಟ್ರಾನ್ಸ್‌ಫಾರ್ಮರ್ ಹತ್ತಿರ 62, ಹೊಂಗೆ ಮರದ ಬುಡದಲ್ಲಿ 48. ಎತ್ತರ ಒಂದು ಕಡೆ 31, ಅಂದರೆ ಎರಡು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿದ ಹಾಗೆ. ಪಕ್ಕದ ಮನೆ ಅಜ್ಜಿ ಯಾಕೆ ರಸ್ತೆಯಲ್ಲೇ ನಡೆಯುತ್ತಾರೆ ಅಂತ ಆವತ್ತು ಗೊತ್ತಾಯಿತು.

ಹತ್ತು ಹೆಜ್ಜೆಗೊಂದು ಸಲ ಅಳೆಯಿರಿ. ಮನೆ ನಂಬರಿನ ಜೊತೆ ಬರೆದುಕೊಳ್ಳಿ. ಅಡ್ಡ ಇರುವುದು ಮರವಾ, ಕಂಬವಾ, ಕಾರಿನ ರ‍್ಯಾಂಪಾ, ಜಲ್ಲಿ ರಾಶಿಯಾ ಅಂತಲೂ ಬರೆಯಿರಿ. ನಮ್ಮ ಪಟ್ಟಿಯಲ್ಲಿ ನಮ್ಮನೆ ಮೆಟ್ಟಿಲೇ ಬಂತು, ಒಂದು ಅಡಿ ಹೊರಗೆ. ಬರೆಯದೆ ಬಿಟ್ಟುಬಿಡೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಮೇಸ್ತ್ರಿ ಕರೆಸಿ ಮೊದಲು ಅದನ್ನೇ ಒಡೆಸಿದೆವು. ಆಮೇಲೇ ಬೇರೆಯವರ ರ‍್ಯಾಂಪಿನ ಬಗ್ಗೆ ಮಾತಾಡಲು ಬಾಯಿ ಬಂದದ್ದು.

ತಳ್ಳುಗಾಡಿಯವರ ವಿಷಯದಲ್ಲಿ ಮಾತ್ರ ದುಡುಕಬೇಡಿ. ನಮ್ಮಲ್ಲೂ ಮೊದಲು ಎದ್ದ ಮಾತು "ಗಾಡಿ ಎತ್ತಿಸಿ" ಅಂತಲೇ. ಅಳೆದು ನೋಡಿದರೆ ಸೊಪ್ಪಿನಮ್ಮನ ಗಾಡಿಗಿಂತ ನಿಂತ ಕಾರುಗಳೇ ಜಾಸ್ತಿ ಜಾಗ ತಿಂದಿದ್ದವು. ಅಲ್ಲದೆ, ಸೊಪ್ಪಿಗೆ ಬಂದವರೇ ತಾನೇ ಹಾಗೇ ನನ್ನ ಹತ್ತಿರ ಸೀರೆಗೆ ಫಾಲ್ಸ್ ಹಾಕಲು ಕೊಟ್ಟು ಹೋಗುವುದು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವ ಹಾಗಿಲ್ಲ. ಅದೇ ಕಾಯ್ದೆಯಡಿ ಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲೂ ನೂರಕ್ಕೆ 40 ಜನವಾದರೂ ವ್ಯಾಪಾರಿಗಳೇ ಇರಬೇಕು. ಅವರನ್ನೇ ಕೇಳಿಬಿಡುವುದು ಸುಲಭ. ಗಾಡಿಗೆ ಎಲ್ಲಿ ಜಾಗ ಮಾಡುವುದು ಅಂತ ನಾವು ಎರಡು ವಾರ ತಲೆ ಕೆರೆದುಕೊಂಡಿದ್ದಕ್ಕೆ ಸೊಪ್ಪಿನಮ್ಮ ಥಟ್ಟನೆ ಹೇಳಿದರು: "ಆ ಮುಚ್ಚಿದ ಗೇಟ್ ಹತ್ರ ಕೊಡ್ಸವ್ವ, ಮಧ್ಯಾಹ್ನ ನೆರಳೂ ಇರ್ತದೆ."

ಇನ್ನು ಅರ್ಜಿ. ಒಂದು ಅರ್ಜಿಗೆ ಒಂದೇ ವಿಷಯ. ಮೊದಲ ಸಲ ನಾನು ಮೋರಿ, ಲೈಟು, ಫುಟ್‌ಪಾತ್ ಎಲ್ಲ ಒಂದೇ ಹಾಳೆಗೆ ತುಂಬಿದ್ದೆ. ಮೂರು ಟೇಬಲ್ ಸುತ್ತಿ ಕಾಗದವೇ ಕಾಣೆಯಾಯಿತು. ನನ್ನ ಹತ್ತಿರ ನಕಲೂ ಇರಲಿಲ್ಲ. ಈಗ ಎರಡು ಪ್ರತಿ ಒಯ್ಯುತ್ತೇನೆ, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳುತ್ತೇನೆ. ಫುಟ್‌ಪಾತ್, ಯುಜಿಡಿ (ಒಳಚರಂಡಿ), ಬೀದಿ ದೀಪ ಪಾಲಿಕೆಯ ವಲಯ ಕಚೇರಿಗೆ. ಜೋತುಬಿದ್ದ ಕರೆಂಟ್ ತಂತಿ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ಗೆ, 1912ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೊಸ ಖಾಸಗಿ ಬಡಾವಣೆಯಲ್ಲಿ ಮನೆ ಕಟ್ಟಿದವರು ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅಂತ ಮೊದಲು ವಿಚಾರಿಸಿ. ಆಗಿಲ್ಲ ಅಂದರೆ "ಅದು ನಮ್ಮದಲ್ಲ" ಅನ್ನೋ ಉತ್ತರವೇ ಸಿಗುವುದು.

ದಸರಾಕ್ಕೆ ಮುಂಚೆ ಹೋಗಬೇಡಿ, ಎಲ್ಲರೂ ಅದೇ ಗಡಿಬಿಡಿಯಲ್ಲಿರುತ್ತಾರೆ. ದಸರಾ ಮುಗಿದು ಊರು ತಣ್ಣಗಾದ ಮೇಲೆ ಅಳತೆ ಶುರು ಮಾಡಿ, ಡಿಸೆಂಬರಿನಲ್ಲಿ ಅರ್ಜಿ ಕೊಡಿ. ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ. ಬಜೆಟ್ ಆದ ಮೇಲೆ ಹೋದರೆ ಇನ್ನೊಂದು ವರ್ಷ ಕಾಯಬೇಕು, ಅಲ್ವಾ?

ಉತ್ತರವೇ ಬರದಿದ್ದರೆ ಸುಮ್ನೆ ಜಗಳಕ್ಕೆ ಹೋಗಬೇಡಿ. ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಕೊಡಬೇಕು. "ನನ್ನ ಅರ್ಜಿ ಮೇಲೆ ಏನು ಕ್ರಮ ಆಗಿದೆ, ಕಡತದ ನಕಲು ಕೊಡಿ" ಅಂತ ಬರೆದರೆ ಸಾಕು.

ನಮ್ಮ ಬೀದಿಯಲ್ಲಿ ಈಗ ಅರ್ಧದವರೆಗೆ ಹೊಸ ಸ್ಲ್ಯಾಬ್ ಬಂದಿದೆ. ಹೊಂಗೆ ಮರದ ಹತ್ತಿರ ಇನ್ನೂ 48ರಲ್ಲೇ ಇದೆ. ಮರ ಕಡಿಯಿರಿ ಅಂತ ನಾವು ಬರೆಯಲಿಲ್ಲ, ಬರೆಯುವುದೂ ಇಲ್ಲ. ಮುಂದಿನದು ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗೆ ಲೈಟು. ಅಲ್ಲಿನ ಕಂಬದ ನಂಬರ್ ಅಳಿಸಿಹೋಗಿದೆ, ಆಚೆ ಕಂಬದಿಂದ ಎಷ್ಟು ಮೀಟರ್ ಅಂತ ನಾಳೆ ಬೆಳಿಗ್ಗೆ ಅಳೆಯಬೇಕು. ಈ ಸಲ ಮೇಸ್ತ್ರಿ ಹತ್ತಿರ ದೊಡ್ಡ ಟೇಪು ಇಸ್ಕೊಂಡಿದ್ದೇನೆ.