‘ಕೊಟ್ಟಿದ್ದೇವೆ’ ಎಂದರೆ ‘ಮ್ಯಾರೀಡ್ ಟು’

ಸಾಗರದಲ್ಲಿ ಹನ್ನೊಂದು ವರ್ಷಗಳಿಂದ ಸಂಜೆಯ ಇಂಗ್ಲಿಷ್ ತರಗತಿ ನಡೆಸುತ್ತಿದ್ದೇನೆ. ವ್ಯಾಕರಣ ಒಂದು ಹದಕ್ಕೆ ಬಂದ ವಿದ್ಯಾರ್ಥಿಗಳೂ ಸಂಬಂಧಗಳ ಮಾತು ಬಂದೊಡನೆ ‘ಮೈ ಸಿಸ್ಟರ್ ಈಸ್ ಮ್ಯಾರೀಡ್ ವಿತ್ ಎ ಟೀಚರ್’, ‘ಐ ಕಾಂಟ್ಯಾಕ್ಟೆಡ್ ವಿತ್ ದ ಆಫೀಸ್’ ಎಂದು ಎಡವುತ್ತಿದ್ದರು. ನಂಟಸ್ತಿಕೆ, ವ್ಯವಹಾರ, ಕಾರ್ಯಕಾರಣ ಎಲ್ಲಕ್ಕೂ ನಾವು ‘ಸಂಬಂಧ’ ಎಂಬ ಒಂದೇ ಪದದಿಂದ ಕೆಲಸ ತೆಗೆಯುತ್ತೇವೆ. ಇಂಗ್ಲಿಷಿನಲ್ಲಿ ಲಿಂಕ್, ಟೈ, ಬಾಂಡ್, ಕನೆಕ್ಷನ್, ರಿಲೇಶನ್‌ಶಿಪ್ ಬೇರೆ ಬೇರೆ, ಅವುಗಳ ಜೊತೆಗಾರ ಪದಗಳೂ ಬೇರೆ ಬೇರೆ.

ಮೊದಲು ನಾನು ಮಾಡಿದ ತಪ್ಪು, ಸುಮಾರು ಮುನ್ನೂರು ಪದಜೋಡಿಗಳ ಕಿರುಪುಸ್ತಕವನ್ನು ಅಚ್ಚು ಹಾಕಿಸಿದ್ದು. ಐನೂರು ಪ್ರತಿಗಳಿಗೆ ಹದಿನೆಂಟು ಸಾವಿರದ ಹತ್ತಿರ ಖರ್ಚಾಯಿತು. ತೊಂಬತ್ತೋ ನೂರೋ ಮಾರಾಟವಾದವು, ಉಳಿದವಕ್ಕೆ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯಿತು. ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸವನ್ನೂ ಕೊಟ್ಟು ನೋಡಿದೆ. ಕಾಗದದ ಮೇಲೆ ಇಪ್ಪತ್ತಕ್ಕೆ ಹದಿನೆಂಟು ಅಂಕ ಪಡೆದವರು ಬಾಯಿ ತೆರೆದೊಡನೆ ಮತ್ತೆ ‘ವಿತ್’ ಎನ್ನುತ್ತಿದ್ದರು. ಇವೆಲ್ಲ ಓದುತ್ತ ಓದುತ್ತ ತಾವಾಗಿಯೇ ಬರುತ್ತವೆ, ಇದಕ್ಕೆಂದು ಶುಲ್ಕ ಕೊಡುವವರು ಯಾರು ಎಂದು ಇದೇ ಕಸುಬಿನ ಗೆಳೆಯರೊಬ್ಬರು ನಕ್ಕರು.

ಆಮೇಲೆ ನಾನು ಇಂಗ್ಲಿಷ್ ಪಟ್ಟಿಯನ್ನು ಬದಿಗಿಟ್ಟು ಕನ್ನಡದಿಂದ ಆರಂಭಿಸಿದೆ. ದೂರದ ಸಂಬಂಧಿ ‘ಡಿಸ್ಟೆಂಟ್ ರಿಲೇಟಿವ್’, ಸಂಬಂಧ ಕಡಿದುಕೊಳ್ಳುವುದು ‘ಕಟ್ ಟೈಸ್’: ನೇರವಾಗಿ ಹೊಂದುವ ಇಂಥವು ಒಂದೇ ದಿನದಲ್ಲಿ ಮುಗಿದವು. ಕ್ರಿಯಾಪದ ಬೇರೆಯಾಗುವವು ತುಸು ಸತಾಯಿಸಿದವು. ನಮ್ಮಲ್ಲಿ ಸಂಪರ್ಕ ತಪ್ಪುತ್ತದೆ, ಅವರಲ್ಲಿ ‘ಲೂಸ್ ಟಚ್’. ‘ನನಗೂ ಅದಕ್ಕೂ ಸಂಬಂಧವಿಲ್ಲ’ ಎನ್ನುವಲ್ಲಿ ಅವರು ‘ಐ ಹ್ಯಾವ್ ನಥಿಂಗ್ ಟು ಡೂ ವಿತ್ ಇಟ್’ ಎನ್ನುತ್ತಾರೆ.

ನಿಜವಾದ ಕಗ್ಗಂಟು ‘ಟು’ ಮತ್ತು ‘ವಿತ್’ಗಳದು. ಮೇಷ್ಟರ ಜೊತೆ ಮದುವೆಯಾಗಿದೆ ಎಂದು ಯೋಚಿಸಿದರೆ ‘ವಿತ್’ ಬರುವುದು ಸಹಜ. ಆದರೆ ನಮ್ಮ ಮನೆಗಳಲ್ಲಿ ‘ಅಕ್ಕನನ್ನು ಮೇಷ್ಟರಿಗೆ ಕೊಟ್ಟಿದ್ದೇವೆ’ ಎಂದೂ ಹೇಳುತ್ತಾರಲ್ಲವೇ? ಆ ‘ಗೆ’ಯೇ ಇಂಗ್ಲಿಷಿನ ‘ಟು’ ಎಂದು ಹೇಳಿಕೊಟ್ಟೆ. ಆಗ ಒಬ್ಬ ಹುಡುಗಿ ಎದ್ದು, “ಸಾರ್, ನಮ್ಮಣ್ಣನನ್ನು ಯಾರಿಗೂ ಕೊಟ್ಟಿಲ್ಲವಲ್ಲ, ಅವನಿಗೆ ಏನು ಹೇಳಲಿ?” ಎಂದು ಕೇಳಿದಳು. ಅಣ್ಣನಿಗೂ ‘ಟು’ ಎಂದೇ ಉತ್ತರಿಸಿದೆ. ತರಗತಿಯೆಲ್ಲ ನಕ್ಕಿತು, ಆ ತಂಡದಲ್ಲಿ ‘ಮ್ಯಾರೀಡ್ ವಿತ್’ ಮತ್ತೆ ಕೇಳಿಬರಲಿಲ್ಲ. ‘ರಿಲೇಟೆಡ್ ಟು’ ಅದರ ಬೆನ್ನಿಗೇ ಬಂತು. ‘ಅಸೋಸಿಯೇಟೆಡ್ ವಿತ್’, ‘ಇನ್ ಟಚ್ ವಿತ್’ ಎಂಬ ‘ವಿತ್’ ಜೋಡಿಗಳನ್ನು ಎರಡು ವಾರ ಕಳೆದ ಮೇಲೆಯೇ ಕಲಿಸಿದೆ. ‘ಲಿಂಕ್ಡ್’ಗೆ ಎರಡೂ ಒಗ್ಗುವುದರಿಂದ ಅದು ಕೊನೆಗೆ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು ನನ್ನ ಪಾಲಿಗೆ ಬಿಟ್ಟಿ ಪಾಠವಾಯಿತು. ಅಷ್ಟು ವರ್ಷ ಹಿನ್ನೀರು ದಾಟಲು ಲಾಂಚ್ ನಂಬಿಕೊಂಡಿದ್ದ, ಆಚೆ ದಡದ ತುಮರಿ ಕಡೆಯ ಮೂವರು ವಿದ್ಯಾರ್ಥಿಗಳು ‘ವಿ ವರ್ ಕಟ್ ಆಫ್ ಫ್ರಮ್ ಸಾಗರ’, ‘ದ ಬ್ರಿಡ್ಜ್ ಕನೆಕ್ಟ್ಸ್ ಅಸ್ ಟು ದ ಟೌನ್’ ಎಂದು ಪುಸ್ತಕದ ಹಂಗಿಲ್ಲದೆ ಹೇಳಿದರು. ರಾತ್ರಿ ವಾಟ್ಸ್ಆ್ಯಪಿನಲ್ಲಿ ಧ್ವನಿ ಸಂದೇಶ ಕಳಿಸಿರೆಂದ ಪ್ರಯೋಗ ಮಾತ್ರ ಕೆಟ್ಟಿತು, ಏಕೆಂದರೆ ಅರ್ಧದಷ್ಟು ಮಂದಿಗೆ ಗುಡ್ಡ ಹತ್ತದೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ‘ಐ ಲಾಸ್ಟ್ ದ ಕನೆಕ್ಷನ್’ ಎಂಬ ವಾಕ್ಯವೊಂದು ಎಲ್ಲರಿಗೂ ಬಾಯಿಪಾಠವಾದದ್ದೇ ಅದರ ಲಾಭ.

ಕಳೆದ ತಂಡದಲ್ಲಿ ಇಪ್ಪತ್ತೆರಡು ಜನರಿದ್ದರು. ಹತ್ತು ನಿಮಿಷದ ಮಾತಿನಲ್ಲಿ ತಲಾ ಎಂಟೊಂಬತ್ತು ಆಗುತ್ತಿದ್ದ ಇಂಥ ತಪ್ಪುಗಳು ಎರಡಕ್ಕೆ ಇಳಿದವು. ಶುಲ್ಕವನ್ನು ಒಂಬೈನೂರರಿಂದ ಸಾವಿರದ ನಾನೂರಕ್ಕೆ ಏರಿಸಿದರೂ ಯಾರೂ ಬಿಟ್ಟುಹೋಗಲಿಲ್ಲ. ನಕ್ಕಿದ್ದ ಗೆಳೆಯರು ತಮ್ಮ ತಂಗಿಯ ಮಗನನ್ನು ನನ್ನಲ್ಲಿಗೇ ಕಳಿಸಿದ್ದಾರೆ. ಮೂರನೆಯ ವಾರದಲ್ಲಿ ನಾನು ಯಾವ ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಕೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ‘ಕಾಂಟ್ಯಾಕ್ಟ್’ ಕ್ರಿಯಾಪದವಾದಾಗ ಅದರ ಮುಂದೆ ‘ವಿತ್’ ಆಗಲಿ ‘ಟು’ ಆಗಲಿ ಬೇಡವೆಂಬುದು ಇನ್ನೂ ಅರ್ಧ ತರಗತಿಯ ನಾಲಿಗೆಗೆ ಇಳಿದಿಲ್ಲ. ಅದಕ್ಕೆ ಹೊಂದುವ ಕನ್ನಡದ ಮಾತೊಂದನ್ನು ಹುಡುಕುತ್ತಿದ್ದೇನೆ.