ಕರವಾಜೊ ಚಿತ್ರ ನೋಡುವುದು ಹೇಗೆ?

ರೋಮ್‌ಗೆ ಹೋದವರು ಇಟಲಿಯ ಚಿತ್ರಕಾರ ಕರವಾಜೊನ ಚಿತ್ರಗಳಿರುವ ಸ್ಯಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿಗೆ ನುಗ್ಗುತ್ತಾರೆ. ಫೋನ್ ಎತ್ತುತ್ತಾರೆ. ‘ಇವನೇ ಅಲ್ವಾ ಕೊಲೆ ಮಾಡಿದ ಪೇಂಟರ್?’ ಅಂತ ಕೇಳಿ ಹೊರಟೇ ಬಿಡುತ್ತಾರೆ. ಅಷ್ಟು ದೂರ ಹೋಗಿದ್ದು ದಂಡ.

ಒಂದು: ಕೊಲೆಯ ಕಥೆ ಸದ್ಯಕ್ಕೆ ಬೇಡ. 1571ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದ, ಪ್ಲೇಗ್ ಅಪ್ಪನನ್ನು ಒಯ್ದಿತು, ಪೇಟರ್ಜಾನೊ ಎಂಬ ಚಿತ್ರಕಾರನ ಬಳಿ ಕೆಲಸ ಕಲಿತು ರೋಮ್ ಸೇರಿದ. ಇಷ್ಟು ಗೊತ್ತಿದ್ದರೆ ಸಾಕು.

ಎರಡು: ಜೇಬಿನಲ್ಲಿ ಯೂರೊ ಚಿಲ್ಲರೆ ಇರಲಿ. ಚರ್ಚಿನೊಳಗಿನ ಪೆಟ್ಟಿಗೆಗೆ ನಾಣ್ಯ ಹಾಕಿದರೆ ಚಿತ್ರದ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.

ಮೂರು: ಎಲ್ಲರೂ ಎಡವುವುದು ಇಲ್ಲೇ. ಚರ್ಚಿನೊಳಗಿನ ಪುಟ್ಟ ಪ್ರಾರ್ಥನಾ ಕೋಣೆ ಕೊಂತಾರೆಲ್ಲಿ ಚಾಪೆಲ್. ಅದರ ಎಡಗೋಡೆಯಲ್ಲಿ ‘ಮತ್ತಾಯನ ಕರೆ’ ಇದೆ, 1599–1600ರದ್ದು. ಸುಂಕದವನಾದ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆಯುವ ದೃಶ್ಯ. ಮೇಜಿನ ಸುತ್ತ ಸುಂಕದವರು, ಬಲತುದಿಯಲ್ಲಿ ಯೇಸು ಮತ್ತು ಶಿಷ್ಯ ಪೇತ್ರ. ಮುಖ ನೋಡಬೇಡಿ, ಮೊದಲು ಬೆಳಕು ನೋಡಿ. ಯೇಸುವಿನ ತಲೆಯ ಮೇಲಿಂದ ಓರೆಯಾಗಿ ಗೋಡೆ ಮೇಲೆ ಇಳಿಯುತ್ತದೆ. ಚಿತ್ರದಲ್ಲೊಂದು ಕಿಟಕಿ ಇದೆ, ಆದರೆ ಬೆಳಕು ಅದರಿಂದ ಬರುತ್ತಿಲ್ಲ. ಈಗ ಬಲಕ್ಕೆ ತಿರುಗಿ. ಆಲ್ಟರ್ (ಪೂಜಾಪೀಠ) ಮೇಲೆ ನಿಜವಾದ ಕಿಟಕಿ! ಚಿತ್ರದ ಬೆಳಕೂ ಆ ಕಡೆಯಿಂದಲೇ.

ಆಮೇಲೆ ಕೈ. ಯೇಸುವಿನ ಚಾಚಿದ ಕೈ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಚಾವಣಿಯಲ್ಲಿ ಮೈಕೆಲೆಂಜೆಲೊ ಬರೆದ ಆದಾಮನ ಕೈಯನ್ನೇ ಹೋಲುತ್ತದೆ. ಮೇಜಿನ ಬಳಿಯ ಗಡ್ಡದವನು ಬೆರಳು ತೋರಿಸುತ್ತಿದ್ದಾನೆ. ತನ್ನನ್ನೋ, ತಲೆ ತಗ್ಗಿಸಿ ಕಾಸು ಎಣಿಸುತ್ತಿರುವ ಹುಡುಗನನ್ನೋ? ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ನನ್ನ ಮಟ್ಟಿಗೆ ಗಡ್ಡದವನೇ ಮತ್ತಾಯ. ಅವನ ಇನ್ನೊಂದು ಕೈ ನೋಡಿ, ಅದಿನ್ನೂ ಕಾಸಿನ ಹತ್ತಿರವೇ ಇದೆ. ದೀಪ ಆರಿದಾಗ ತಕ್ಷಣ ಇನ್ನೊಂದು ನಾಣ್ಯ ಹಾಕಬೇಡಿ. ಆ ಮಬ್ಬಿನಲ್ಲೂ ಒಮ್ಮೆ ನೋಡಿ.

ಅಂದಹಾಗೆ, ಅಂಗಡಿಗಳ ಪೋಸ್ಟರ್ ಸುಮ್ನೆ ಕೊಳ್ಳಬೇಡಿ. ಕಪ್ಪನ್ನೆಲ್ಲ ತಿಳಿ ಮಾಡಿ ಚಿತ್ರವನ್ನೇ ಕೆಡಿಸಿರುತ್ತಾರೆ. ಕರವಾಜೊ ಕ್ಯಾನ್ವಾಸಿಗೆ ಮೊದಲೇ ಗಾಢ ಬಣ್ಣ ಬಳಿಯುತ್ತಿದ್ದ. ಅವನದೆನ್ನಬಹುದಾದ ಒಂದೇ ಒಂದು ರೇಖಾಚಿತ್ರವೂ ಉಳಿದಿಲ್ಲ. ಹಸಿ ಬಣ್ಣದಲ್ಲಿ ಗೀರಿದ ಗುರುತುಗಳು ಮಾತ್ರ ಕೆಲವು ಚಿತ್ರಗಳಲ್ಲಿ ಸಿಗುತ್ತವೆ.

ನಾಲ್ಕು: ಎದುರಿನ ಗೋಡೆಗೆ ತಿರುಗಿ. ಮತ್ತಾಯನನ್ನು ಕೊಲ್ಲುವ ಗದ್ದಲದ ಹಿಂದೆ ಒಬ್ಬ ಗಡ್ಡದವನು ಹೊರಳಿ ನೋಡುತ್ತಾ ಜಾರಿಕೊಳ್ಳುತ್ತಿದ್ದಾನೆ. ಅವನೇ ಕರವಾಜೊ.

ಈಗ ಜೀವನ ಹೇಳಬಹುದು. 1604ರಲ್ಲಿ ಆರ್ಟಿಚೋಕ್ ಎಂಬ ತರಕಾರಿಯ ತಟ್ಟೆಯನ್ನು ವೇಟರ್ ಮುಖಕ್ಕೆ ಎಸೆದ. ಪರವಾನಗಿ ಇಲ್ಲದೆ ಕತ್ತಿ ಕಟ್ಟಿಕೊಂಡು ಸಿಕ್ಕಿಬಿದ್ದ. 1606ರ ಮೇ 28ರಂದು ರನೂಚ್ಚೊ ತೊಮಾಸ್ಸೋನಿ ಎಂಬಾತನನ್ನು ಕೊಂದು ರೋಮ್ ಬಿಟ್ಟು ಓಡಿದ. ನೇಪಲ್ಸ್, ಮಾಲ್ಟಾ. 1608ರಲ್ಲಿ ನೈಟ್ ಆದ, ಅದೇ ವರ್ಷ ಜೈಲು ಸೇರಿ ತಪ್ಪಿಸಿಕೊಂಡ. ಮಾಲ್ಟಾದ ರಾಜಧಾನಿ ವಲ್ಲೆಟ್ಟಾದಲ್ಲಿ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರವಿದೆ. ಕತ್ತಿನಿಂದ ಹರಿದ ರಕ್ತದಲ್ಲೇ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ್ದು ಈ ಒಂದೇ ಚಿತ್ರಕ್ಕೆ. 1610ರಲ್ಲಿ ರೋಮ್‌ಗೆ ವಾಪಸಾಗುವ ದಾರಿಯಲ್ಲಿ ಸತ್ತ, 38ನೇ ವಯಸ್ಸಿನಲ್ಲಿ.

ಐದು: ಹತ್ತಿರದ ಸಾಂತ್ ಅಗೋಸ್ತಿನೊ ಚರ್ಚಿನಲ್ಲಿ ಅವನ ಚಿತ್ರದ ಯಾತ್ರಿಕನ ಕೊಳಕು ಪಾದ ನೋಡಿ. ಪೊಪೊಲೊ ಚರ್ಚಿನ ಚಿತ್ರದಲ್ಲಿ ನೆಲಕ್ಕೆ ಬಿದ್ದ ಸಂತ ಪೌಲನಿಗಿಂತ ಕುದುರೆಯೇ ಜಾಸ್ತಿ ಜಾಗ ಹಿಡಿದಿದೆ. ಎರಡಕ್ಕೂ ಟಿಕೆಟ್ ಇಲ್ಲ.

ರೋಮ್‌ನಲ್ಲೇ ಇರುವ ಬೊರ್ಗೇಸೆ ಗ್ಯಾಲರಿಗೆ ಮಾತ್ರ ಮುಂಚೆಯೇ ಬುಕ್ ಮಾಡಿ. ಒಳಗಿರಲು ಕೊಡುವುದು ಎರಡೇ ಗಂಟೆ. ಅಲ್ಲಿನ ಚಿತ್ರವೊಂದರಲ್ಲಿ ದಾವೀದ ಎತ್ತಿ ಹಿಡಿದ ದೈತ್ಯ ಗೊಲಿಯಾತನ ತಲೆಗೆ ಕರವಾಜೊ ತನ್ನದೇ ಮುಖ ಕೊಟ್ಟಿದ್ದಾನೆ. ನೇರ ಅಲ್ಲಿಗೇ ಹೋಗಿ, ಉಳಿದದ್ದು ಆಮೇಲೆ.